ಎಮರ್ಜೆನ್ಸಿಗೆ ಹ್ಯಾಮ್ ರೇಡಿಯೋ ಡ್ರಿಲ್ ಮಾಡೋದು ಹೇಗೆ: ಮೆಸೇಜ್ ತಪ್ಪಿಲ್ಲದೆ ತಲುಪಿಸೋದೇ ಅಭ್ಯಾಸ

ಹ್ಯಾಮ್ ರೇಡಿಯೋ ಅಂದ್ರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ನಡೆಸೋ ರೇಡಿಯೋ. ಅದರ ಒಂದು ಡ್ರಿಲ್‌ನಲ್ಲಿ ನಡೆದಿದ್ದು ಮೊದ್ಲು ಹೇಳ್ತೀನಿ. ಆ ಕಡೆ ಸ್ಟೇಷನ್‌ನಿಂದ ಮೆಸೇಜ್ ಬಂತು, ಎಪ್ಪತ್ತು ಕಂಬಳಿ ಬೇಕು ಅಂತ, ಸ್ವಲ್ಪ ಕರಕರ ಸದ್ದಿತ್ತು, ನಾನು ಬರ್ಕೊಂಡಿದ್ದು ಇಪ್ಪತ್ತು. ರೋಜರ್ ಅಂದೆ, ಅವರು ಮುಂದಿನ ಮೆಸೇಜ್‌ಗೆ ಹೋದ್ರು, ಇಬ್ಬರಿಗೂ ಎಲ್ಲಾ ಸರಿ ಇದೆ ಅಂತಾನೇ ಅನ್ನಿಸ್ತು. ಸಂಜೆ ಎರಡೂ ಕಡೆಯ ಹಾಳೆ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯ್ತು, ಐವತ್ತು ಕಂಬಳಿ ದಾರಿಯಲ್ಲೇ ಹೋಗಿಬಿಟ್ಟಿದೆ. ಆಂಟೆನಾ ಚೆನ್ನಾಗಿತ್ತು, ಬ್ಯಾಟರಿ ಫುಲ್ ಇತ್ತು, ಮಾತು ಕೇಳಿಸ್ತಿತ್ತು, ಆದ್ರೂ ಕೆಲಸ ಕೆಟ್ಟಿತ್ತು.

ಅದಕ್ಕೇ ಹೇಳೋದು, ಎಮರ್ಜೆನ್ಸಿ ಡ್ರಿಲ್ ಅಂದ್ರೆ ರೇಡಿಯೋ ಟೆಸ್ಟ್ ಅಲ್ಲ. ಬೇರೆ ಯಾರೋ ಬರೆದ ಮಾತನ್ನ ಒಂದಕ್ಷರ ಬದಲಾಗದ ಹಾಗೆ ಇನ್ನೊಂದು ಕಡೆ ಕಾಗದದ ಮೇಲೆ ಇಳಿಸೋದು, ಅದನ್ನ ಪ್ರಾಕ್ಟೀಸ್ ಮಾಡ್ಬೇಕು. ಎಲ್ಲರೂ ಕಾಲ್ ಸೈನ್ (ಸ್ಟೇಷನ್‌ನ ಗುರುತಿನ ಹೆಸರು) ಹೇಳಿ, 59 ಅಂತ, ಅಂದ್ರೆ ಚೆನ್ನಾಗಿ ಕೇಳ್ತಿದೆ ಅಂತ ರಿಪೋರ್ಟ್ ಕೊಟ್ಟು, 73 (ಶುಭಾಶಯ) ಹೇಳಿ ಮುಗಿಸಿದ್ರೆ ಅದು ಚೆಕ್-ಇನ್ ಅಷ್ಟೇ, ಡ್ರಿಲ್ ಆಗಲ್ಲ.

ಶುರು ಮಾಡೋಕೆ ದೊಡ್ಡ ಗುಂಪು ಬೇಡ, ನಾಲ್ಕು ಜನ ಎರಡು ಗಂಟೆ ಸಾಕು. ಒಬ್ಬರು ನೆಟ್ ಕಂಟ್ರೋಲ್ (ಯಾರು ಯಾವಾಗ ಮಾತಾಡ್ಬೇಕು ಅಂತ ನಡೆಸೋರು), ಇಬ್ಬರು ಫೀಲ್ಡ್‌ನಲ್ಲಿ, ಒಬ್ಬರು ಬರೀ ನೋಡ್ಕೊಂಡು ಬರ್ಕೊಳೋರು. ಈ ನಾಲ್ಕನೆಯವರನ್ನ ಜನ ಬಿಟ್ಟುಬಿಡ್ತಾರೆ, ಬಿಡಬೇಡಿ, ಯಾಕಂದ್ರೆ ಆಪರೇಟ್ ಮಾಡ್ತಾ ಇರೋವಾಗ ನಮ್ಮ ತಪ್ಪು ನಮಗೆ ಕಾಣಲ್ಲ. ಕಥೆಯೂ ಚಿಕ್ಕದಿರಲಿ: ಕರೆಂಟ್ ಇಲ್ಲ, ಮೊಬೈಲ್ ಟವರ್ ಇಲ್ಲ, ಒಂದು ನಿರಾಶ್ರಿತರ ಶಿಬಿರ ಇದೆ, ಒಂದು ಆಸ್ಪತ್ರೆ ಇದೆ, ಇವೆರಡರ ಮಧ್ಯೆ ಮಾತು ಹೋಗ್ಬೇಕು. ರಕ್ಷಣಾ ಕೆಲಸ ಹೇಗೆ ನಡೀಬೇಕು ಅನ್ನೋ ತೀರ್ಮಾನ ನಮ್ಮದಲ್ಲ, ಅದು ಅಧಿಕಾರಿಗಳದ್ದು, ನಾವು ಅವರ ಮಾತು ಸಾಗಿಸೋರು. ಇದು ಮೊದಲ ದಿನದಿಂದಲೇ ತಲೆಯಲ್ಲಿ ಕೂರಲಿ.

ಡ್ರಿಲ್ ನಡೆಸೋರು ಮೂರ್ನಾಲ್ಕು ಲಕೋಟೆ ಮುಚ್ಚಿ ಇಟ್ಕೊಳ್ಳಿ, ಒಳಗೆ ಒಂದೊಂದು ತೊಂದರೆ ಬರೆದಿರಲಿ. "ರಿಪೀಟರ್ ಹೋಯ್ತು, ಸಿಂಪ್ಲೆಕ್ಸ್‌ಗೆ ಬನ್ನಿ." (ರಿಪೀಟರ್ ಅಂದ್ರೆ ನಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಕಳಿಸೋ ಸ್ಟೇಷನ್, ಸಿಂಪ್ಲೆಕ್ಸ್ ಅಂದ್ರೆ ಅದಿಲ್ಲದೆ ನೇರ ಮಾತು.) "ನೆಟ್ ಕಂಟ್ರೋಲ್ ಬ್ಯಾಟರಿ ಮುಗೀತು, ಇನ್ನೊಬ್ಬರು ನೆಟ್ ತಗೊಳ್ಳಿ." "ನಿಮ್ಮ ಜೊತೆಗಿರೋರಿಗೆ ಹುಷಾರಿಲ್ಲ, ಒಬ್ಬರೇ ನಡೆಸಿ." ಅರ್ಧ ಗಂಟೆಗೊಂದು ಸಲ ಒಂದು ತೆಗೀರಿ. ಯಾವುದು ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿರಬಾರದು. ರಿಪೀಟರ್ ಲಕೋಟೆ ಮಾತ್ರ ಪ್ರತಿ ಸಲಾನೂ ಇರಲೇಬೇಕು, ಹ್ಯಾಂಡಿ (ಕೈಯಲ್ಲಿ ಹಿಡಿಯೋ ರೇಡಿಯೋ) ಇಟ್ಕೊಂಡು ಎಷ್ಟೋ ವರ್ಷದಿಂದ ಮಾತಾಡ್ತಿರೋರಿಗೂ ಸಿಂಪ್ಲೆಕ್ಸ್‌ನಲ್ಲಿ ತಮ್ಮ ಸಿಗ್ನಲ್ ಎಲ್ಲಿವರೆಗೆ ಹೋಗುತ್ತೆ ಅನ್ನೋದು ಅವತ್ತೇ ಗೊತ್ತಾಗೋದು.

ಲೈಸೆನ್ಸ್ ವಿಷಯ ಬೇಗ ಹೇಳಿಬಿಡ್ತೀನಿ. ಬೇರೆಯವರ ಪರವಾಗಿ ಮೆಸೇಜ್ ಕಳಿಸೋದಕ್ಕೆ ನಿಮ್ಮ ದೇಶದ ನಿಯಮ ಏನು ಹೇಳುತ್ತೆ ಅಂತ ಮೊದ್ಲೇ ಓದ್ಕೊಳ್ಳಿ. 2003ರಲ್ಲಿ ಅಂತಾರಾಷ್ಟ್ರೀಯ ರೇಡಿಯೋ ನಿಯಮ ಬದಲಾದಾಗ, ತುರ್ತು ಪರಿಸ್ಥಿತಿ ಮತ್ತು ವಿಪತ್ತು ಪರಿಹಾರದ ಟೈಮಲ್ಲಿ ಹವ್ಯಾಸಿ ಸ್ಟೇಷನ್‌ಗಳು ಬೇರೆಯವರ ಪರವಾಗಿ ದೇಶದಿಂದ ದೇಶಕ್ಕೆ ಸಂದೇಶ ಕಳಿಸಬಹುದು ಅಂತ ಬಂತು, ಅದಕ್ಕೆ ತಯಾರಿ ಮಾಡ್ಕೊಳ್ಳೋಕೆ ಹ್ಯಾಮ್‌ಗಳಿಗೆ ಅವಕಾಶ ಕೊಡಿ ಅಂತ ಸರ್ಕಾರಗಳಿಗೂ ಹೇಳಿದೆ. ಆದ್ರೆ ಅರ್ಥ ಮುಚ್ಚಿಡೋ ಹಾಗೆ ಕೋಡ್ ಮಾಡಿ ಕಳಿಸೋ ಹಾಗಿಲ್ಲ, ಅಂದ್ರೆ ನೀವು ಹೇಳಿದ್ದು ಯಾರು ಬೇಕಾದ್ರೂ ಕೇಳಬಹುದು. ಗಾಯಗೊಂಡವರ ಹೆಸರು, ತೀರಿಕೊಂಡವರ ಪಟ್ಟಿ, ಇಂಥದ್ದನ್ನ ಏರ್ ಮೇಲೆ ಓದೋ ಮುಂಚೆ ಆ ಮನೆಯವರು ರೇಡಿಯೋ ಪಕ್ಕ ಕೂತಿರಬಹುದು ಅಂತ ಯೋಚಿಸಬೇಕು. ಡ್ರಿಲ್‌ನಲ್ಲೂ ಒಂದು ಇಂಥ ಮೆಸೇಜ್ ಇಡಿ, ಆಪರೇಟರ್ ನಿಲ್ಲಿಸಿ "ಇದನ್ನ ಕಳಿಸಬಹುದಾ" ಅಂತ ಕೇಳ್ತಾರಾ ನೋಡಿ. ಕೇಳೋರೇ ಒಳ್ಳೆ ಆಪರೇಟರ್.

ಇನ್ನು ಮೆಸೇಜ್ ಬರೆಯೋದು. ಹಾಳೆಯ ಮೇಲ್ಗಡೆ ನಂಬರ್, ಎಷ್ಟು ತುರ್ತು ಅನ್ನೋದು, ಯಾರಿಂದ, ಯಾರಿಗೆ, ಟೈಮು, ತಾರೀಖು, ಎಷ್ಟು ಪದ ಇದೆ ಅನ್ನೋದು. ಆಮೇಲೆ ವಿಷಯ, ಕೊನೆಗೆ ಬರೆಸಿದವರ ಹೆಸರು ಮತ್ತು ಹುದ್ದೆ. ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್‌ನ ರೇಡಿಯೋಗ್ರಾಂ ಅನ್ನೋ ಮೆಸೇಜ್ ಹಾಳೆಯಲ್ಲಿ ತುರ್ತಿಗೆ ನಾಲ್ಕು ದರ್ಜೆ, ಎಮರ್ಜೆನ್ಸಿ, ಪ್ರಯಾರಿಟಿ, ವೆಲ್ಫೇರ್, ರೂಟೀನ್, ಇದನ್ನೇ ಇಟ್ಕೊಂಡ್ರೂ ಆಗುತ್ತೆ. ವಿಷಯ 25 ಪದದೊಳಗೆ ಮುಗೀಬೇಕು. ಲೋಕಲ್ ಟೈಮಾ, ಯುಟಿಸಿನಾ (ಜಗತ್ತಿಗೆಲ್ಲ ಒಂದೇ ಟೈಮು) ಅಂತ ಮೊದ್ಲೇ ಒಂದು ತೀರ್ಮಾನ ಮಾಡ್ಕೊಳ್ಳಿ, ಅರ್ಧ ಜನ ಒಂದು ಅರ್ಧ ಜನ ಇನ್ನೊಂದು ಬರೆದ್ರೆ ಲಾಗ್ ಪೂರ್ತಿ ದಂಡ.

ಓದುವಾಗ ನಾಲ್ಕೈದು ಪದ ಹೇಳಿ ನಿಲ್ಲಿಸಿ, ಆ ಕಡೆಯವರು ಬರೀತಿದ್ದಾರೆ ಅನ್ನೋದು ನೆನಪಿರಲಿ, ಬೇಕಾದ್ರೆ ನೀವೂ ಖಾಲಿ ಹಾಳೆ ಮೇಲೆ ಅದೇ ಪದ ಬರೀತಾ ಓದಿ, ಸ್ಪೀಡ್ ತಾನಾಗೇ ಸರಿಹೋಗುತ್ತೆ. ಪದಗಳ ಎಣಿಕೆ ಇರೋದು ಯಾವುದಾದ್ರೂ ಪದ ಬಿಟ್ಟುಹೋಯ್ತಾ ಅಂತ ಹಿಡಿಯೋಕೆ. ಆದ್ರೆ ನನ್ನ ಕಂಬಳಿ ಮೆಸೇಜ್‌ನಲ್ಲಿ ಎಣಿಕೆ ಸರಿಯಾಗೇ ಇತ್ತು, ಇಪ್ಪತ್ತೂ ಒಂದೇ ಪದ ಎಪ್ಪತ್ತೂ ಒಂದೇ ಪದ! ಹಾಗಾಗಿ ಸಂಖ್ಯೆಯನ್ನ ಯಾವತ್ತೂ ಬಿಡಿಸಿ ಹೇಳಿ, "ಅಂಕೆ, ಏಳು ಸೊನ್ನೆ". ಕನ್ನಡದಲ್ಲಿ ಹೇಳೋವಾಗ ಮೂರು ಮತ್ತು ಆರು ಗದ್ದಲದಲ್ಲಿ ಒಂದೇ ಥರ ಕೇಳುತ್ತೆ, ಮೊದಲ ಅಕ್ಷರ ಮುಳುಗಿದ್ರೆ ಉಳಿಯೋದು ಬರೀ "ರು". ಅನುಮಾನ ಬಂದ್ರೆ ಎಣಿಸಿ ತೋರಿಸಿ, "ಮೂರು, ಒಂದು ಎರಡು ಮೂರು". ಹೆಸರುಗಳನ್ನ ಆಲ್ಫಾ ಬ್ರಾವೋ ಚಾರ್ಲಿ ಅಂತ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಪದ ಇಟ್ಟು ಬಿಡಿಸಿ ಹೇಳಿ. ಎಲ್ಲಾ ಆದ್ಮೇಲೆ ತಗೊಂಡವರು ಮೆಸೇಜ್ ಪೂರ್ತಿ ವಾಪಸ್ ಓದಬೇಕು, ಕಳಿಸಿದವರು ಬೆರಳಿಟ್ಟು ಒಂದೊಂದೇ ಪದ ಹೋಲಿಸಬೇಕು. ಅವತ್ತು ನಾನು ವಾಪಸ್ ಓದಿದ್ದಿದ್ರೆ ಅಲ್ಲೇ ಸಿಕ್ಕಿಬಿಡ್ತಿತ್ತು. ರೋಜರ್ ಅಂದ್ರೆ "ಪೂರ್ತಿ ಬಂತು" ಅಂತ, "ಆಯ್ತು ಬಿಡಿ" ಅಂತ ಅಲ್ಲ. ಒಂದು ಪದ ಬರದಿದ್ರೂ ಅದನ್ನ ಹೇಳಬಾರದು. ಇನ್ನೊಂದು, ಬರೆಸಿದವರ ಭಾಷೆ ನಿಮಗೆ ವಿಚಿತ್ರ ಅನ್ನಿಸಿದ್ರೂ ತಿದ್ದಬೇಡಿ. ಔಷಧದ ಹೆಸರಲ್ಲಿ ಸ್ಪೆಲ್ಲಿಂಗ್ ತಪ್ಪಿದೆ ಅಂತ ನೀವು ಸರಿಮಾಡಿದ್ರೆ ಅದು ಬೇರೆ ಔಷಧಾನೇ ಆಗಿರಬಹುದು, ಬರೆಸಿದವರನ್ನೇ ಕೇಳಿ.

ಡ್ರಿಲ್ ಅನ್ನೋದು ಕೇಳೋರಿಗೆಲ್ಲ ಗೊತ್ತಾಗಬೇಕು. ಪ್ರತಿ ಮೆಸೇಜ್‌ನ ಶುರುವಿನಲ್ಲೂ ಕೊನೆಯಲ್ಲೂ "ಇದು ಅಭ್ಯಾಸ, ಇದು ಅಭ್ಯಾಸ" ಅನ್ನಿ. ಮೇಡೇ ಅನ್ನೋ ಪ್ರಾಣಾಪಾಯದ ಕರೆಯ ಪದ ಡ್ರಿಲ್‌ನಲ್ಲಿ ಬಾಯಿಗೇ ಬರಬಾರದು, ಯಾರೋ ದಾರಿಹೋಕರು ಸ್ಕ್ಯಾನ್ ಮಾಡ್ತಾ ಕೇಳಿ ನಿಜ ಅಂದ್ಕೊಂಡ್ರೆ ಅನಾಹುತ. ಹಾಗೇ ಡ್ರಿಲ್ ನಡೀತಿರುವಾಗಲೇ ನಿಜವಾದ ತೊಂದರೆ ಆದ್ರೆ ಹೇಳೋಕೆ ಒಂದು ಮಾತು ಗೊತ್ತು ಮಾಡ್ಕೊಳ್ಳಿ, ಅದು ಕೇಳಿದ ತಕ್ಷಣ ಎಲ್ಲರೂ ಸುಮ್ಮನಾಗಬೇಕು. ಎಚ್‌ಎಫ್‌ನಲ್ಲಿ (ದೂರ ಹೋಗೋ ಶಾರ್ಟ್‌ವೇವ್) ಶುರು ಮಾಡೋ ಮುಂಚೆ ಫ್ರೀಕ್ವೆನ್ಸಿ ಖಾಲಿ ಇದೆಯಾ ಕೇಳಿ, 14.300 ಮೆಗಾಹರ್ಟ್ಸ್ ಅಂತೂ ಎಮರ್ಜೆನ್ಸಿಗೆ ಅಂತ ಐಎಆರ್‌ಯು (ಹ್ಯಾಮ್ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ) ಗುರುತು ಮಾಡಿರೋದು, ಅಲ್ಲಿ ಡ್ರಿಲ್ ಬೇಡ.

ನೆಟ್ ಕಂಟ್ರೋಲ್ ಆದವರು ಕಡಿಮೆ ಮಾತಾಡಿ. ಒಂದು ಓವರ್ (ಒಬ್ಬರ ಸರದಿಯ ಮಾತು) ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಎರಡು ಮೂರು ಸೆಕೆಂಡ್ ಖಾಲಿ ಬಿಡಿ, ಕಷ್ಟದಲ್ಲಿರೋ ವೀಕ್ ಸ್ಟೇಷನ್ ಒಳಗೆ ಬರೋಕೆ ಇರೋ ಬಾಗಿಲು ಅದೊಂದೇ. ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಒತ್ತಿದ ಮೇಲೆ ಒಂದು ಸೆಕೆಂಡ್ ಕಾದು ಮಾತಾಡಿ, ಇಲ್ಲಾಂದ್ರೆ ಮೊದಲ ಪದ ಕತ್ತರಿಸಿ ಹೋಗುತ್ತೆ, "ಬೇಡ" ಅನ್ನೋದೇ ಆ ಮೊದಲ ಪದ ಆಗಿದ್ರೆ ಏನಾಗುತ್ತೆ ಯೋಚಿಸಿ.

ಪವರ್ ಲೆಕ್ಕ ಮನೆಯಲ್ಲೇ ಮಾಡ್ಕೊಂಡು ಹೋಗಿ. 100 ವಾಟ್‌ನ ಎಚ್‌ಎಫ್ ರಿಗ್ (ರೇಡಿಯೋ ಸೆಟ್) ಟ್ರಾನ್ಸ್‌ಮಿಟ್‌ನಲ್ಲಿ ಹತ್ತಿರ ಹತ್ತಿರ 20 ಆಂಪ್ಸ್ ಎಳೆಯುತ್ತೆ, ರಿಸೀವ್‌ನಲ್ಲಿ ಒಂದೂವರೆ ಅಂತ ಇಟ್ಕೊಳ್ಳಿ. ಹತ್ತರಲ್ಲಿ ಒಂದು ಭಾಗ ಟೈಮ್ ಮಾತಾಡಿದ್ರೆ ಸರಾಸರಿ 3.35 ಆಂಪ್ಸ್ ಆಯ್ತು. 40 ಆಂಪಿಯರ್ ಅವರ್ ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಅಂದ್ರೆ ಕೈಗೆ ಸಿಗೋದು 20, ಆರು ಗಂಟೆಗೆ ಮುಗೀತು. ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ 32ರವರೆಗೆ ಧೈರ್ಯವಾಗಿ ತೆಗೀಬಹುದು, ಒಂಬತ್ತು ಗಂಟೆ ದಾಟುತ್ತೆ. ಇದಕ್ಕಿಂತ ಒಳ್ಳೆ ಉಪಾಯ ಪವರ್ ಇಳಿಸೋದು. 100ರಿಂದ 25 ವಾಟ್‌ಗೆ ಬಂದ್ರೆ ಆ ಕಡೆ ಕಮ್ಮಿಯಾಗೋದು 6 ಡಿಬಿ (ಡೆಸಿಬೆಲ್), ಅಂದ್ರೆ ರೇಡಿಯೋದ ಸಿಗ್ನಲ್ ಮೀಟರ್‌ನಲ್ಲಿ ಒಂದೇ ಒಂದು ಎಸ್ ಯೂನಿಟ್. ಎಸ್ 9 ಇದ್ದಿದ್ದು ಎಸ್ 8 ಆಗುತ್ತೆ, ಯಾರಿಗೂ ಗೊತ್ತೂ ಆಗಲ್ಲ. ಡ್ರಿಲ್‌ನಲ್ಲಿ ಇದನ್ನ ಮಾಡಿ ನೋಡಿ, ನಂಬಿಕೆ ಬರುತ್ತೆ.

ಆಂಟೆನಾ ವಿಷಯದಲ್ಲಿ ಒಂದೇ ಮಾತು ಒತ್ತಿ ಹೇಳ್ತೀನಿ. ದೂರದ ದೇಶಗಳ ಜೊತೆ ಮಾತಾಡೋ ಡಿಎಕ್ಸ್ ಮಾಡೋರಿಗೆ ಆಂಟೆನಾ ಎತ್ತರ ಇದ್ದಷ್ಟೂ ಖುಷಿ, ಆದ್ರೆ ವಿಪತ್ತಿನಲ್ಲಿ ನಮಗೆ ಬೇಕಾಗಿರೋದು ಪಕ್ಕದ ಜಿಲ್ಲೆ, ಗುಡ್ಡದ ಆಚೆ, ನೂರಿನ್ನೂರು ಕಿಲೋಮೀಟರ್. ಅದಕ್ಕೆ 7 ಮೆಗಾಹರ್ಟ್ಸ್‌ಗೆ, ಅಂದ್ರೆ 40 ಮೀಟರ್ ಬ್ಯಾಂಡ್‌ಗೆ, ಮಧ್ಯದಿಂದ ಒಂದೊಂದು ಕಡೆ 10 ಮೀಟರ್ ತಂತಿ ಇರೋ ಡೈಪೋಲ್ ಆಂಟೆನಾ ಮಾಡಿ, ನೆಲದಿಂದ ನಾಲ್ಕೈದು ಮೀಟರ್ ಎತ್ತರದಲ್ಲಿ ಎರಡು ಕಂಬಕ್ಕೋ ಮರಕ್ಕೋ ಕಟ್ಟಿ. ಸಿಗ್ನಲ್ ನೆಟ್ಟಗೆ ಮೇಲಕ್ಕೆ ಹೋಗಿ ವಾತಾವರಣದ ಮೇಲಿನ ಅಯಾನೋಸ್ಫಿಯರ್ ಪದರದಿಂದ ಕೊಡೆ ಬಿಚ್ಚಿದ ಹಾಗೆ ಸುತ್ತಲೂ ಇಳಿಯುತ್ತೆ, ಎನ್‌ವಿಐಎಸ್ ಅಂತಾರೆ ಇದಕ್ಕೆ. ಹಗಲು 40 ಮೀಟರ್ ಬ್ಯಾಂಡ್, ಕತ್ತಲಾದ್ಮೇಲೆ 80 ಮೀಟರ್, ಆ ಬದಲಾವಣೆಯ ಟೈಮು ಮೊದ್ಲೇ ಗೊತ್ತು ಮಾಡ್ಕೊಂಡಿರಬೇಕು, ಬ್ಯಾಂಡ್ ಮುಚ್ಚಿದ ಮೇಲೆ ಹೇಳೋಕೆ ದಾರಿ ಇರಲ್ಲ. ಕರೆಂಟ್ ತಂತಿ ಹತ್ತಿರ ಎಲ್ಲೂ ಕಟ್ಟಬೇಡಿ, ಸತ್ತ ಲೈನ್ ಅಂತ ಕಂಡ್ರೂ ಬೇಡ.

2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಹ್ಯಾಮ್ ಆಪರೇಟರ್ ಭಾರತಿ ಪ್ರಸಾದ್ ಅವರು ಪೋರ್ಟ್ ಬ್ಲೇರ್‌ನಲ್ಲಿ ವಿಯು4ಆರ್‌ಬಿಐ ಅನ್ನೋ ಕಾಲ್ ಸೈನ್‌ನಲ್ಲಿ ಡಿಎಕ್ಸ್‌ಪೆಡಿಷನ್ (ದೂರದ ಜಾಗಕ್ಕೆ ಹೋಗಿ ಅಲ್ಲಿಂದ ಹ್ಯಾಮ್ ಸ್ಟೇಷನ್ ನಡೆಸೋದು) ನಡೆಸ್ತಿದ್ರು. ಅವತ್ತು ಅದೇ ಸ್ಟೇಷನ್ ಅಂಡಮಾನ್‌ನಿಂದ ಹೊರಗೆ ಸುದ್ದಿ ಕಳಿಸೋ ಕೊಂಡಿಯಾಯ್ತು. ಆಂಟೆನಾ ನಿಂತಿತ್ತು, ಆಪರೇಟರ್ ಕೈ ಪಳಗಿತ್ತು. ಡ್ರಿಲ್‌ಗೆ ಹೋಗೋಕೆ ಬೇಜಾರು ಅನ್ನಿಸಿದಾಗಲೆಲ್ಲ ನನಗೆ ನೆನಪಾಗೋದು ಇದೇ.

ಡ್ರಿಲ್ ಮುಗಿದ ಮೇಲೆ ಮನೆಗೆ ಓಡಬೇಡಿ, ಅಲ್ಲೇ ಅರ್ಧ ಗಂಟೆ ಕೂರಿ. ಕಳಿಸಿದ ಹಾಳೆ, ಬಂದ ಹಾಳೆ ಜೋಡಿ ಜೋಡಿಯಾಗಿ ಇಡಿ. ಎಷ್ಟು ಹೋಯ್ತು, ಎಷ್ಟು ತಲುಪ್ತು, ಎಷ್ಟು ಅಕ್ಷರಶಃ ತಲುಪ್ತು, ಎಷ್ಟು ನಿಮಿಷ ಹಿಡೀತು ಬರೆದಿಡಿ. ತಪ್ಪು ಮಾಡಿದವರ ಹೆಸರು ಬರೀಬೇಡಿ, ತಪ್ಪು ಹೇಗಾಯ್ತು ಅಂತ ಬರೀರಿ. ಹೊಸಬರು ಹೆದರಿ ಇನ್ನೊಂದು ಸಲ ಬರದಿದ್ರೆ ನಷ್ಟ ನಮಗೇ, ಅವರಿಗೆ ಮುಂದಿನ ಸಲ ನೆಟ್ ಕಂಟ್ರೋಲ್ ಕೊಟ್ಟು ಅನುಭವ ಇರೋರು ಪಕ್ಕದಲ್ಲಿ ಕೂರಿ. ಆಮೇಲೆ ಸಾಮಾನು ನೋಡಿ, ಯಾವ ಕೇಬಲ್ ಸಿಗ್ಲಿಲ್ಲ, ಯಾರ ಹ್ಯಾಂಡಿಗೆ ಎಸ್‌ಎಂಎ ಕನೆಕ್ಟರ್ ಬೇಕಿತ್ತು ಯಾರಿಗೆ ಬಿಎನ್‌ಸಿ, ಪಿಎಲ್-259 ಅಡಾಪ್ಟರ್ ಯಾರ ಹತ್ತಿರ ಇತ್ತು, ಪೆನ್ನು ಸಾಕಾಯ್ತಾ, ಟಾರ್ಚ್ ಇತ್ತಾ. ಇಲ್ಲದ್ದನ್ನ ಅವತ್ತೇ ಡಬ್ಬಿಯ ಮುಚ್ಚಳದ ಒಳಗಡೆ ಪಟ್ಟಿ ಮಾಡಿ ಅಂಟಿಸಿ. ಮುಂದಿನ ಡ್ರಿಲ್ ತಾರೀಖು ಎದ್ದು ಹೋಗೋ ಮುಂಚೆ ಗೊತ್ತು ಮಾಡಿ, ಒಂದು ಸಲ ಹಗಲು ಇದ್ರೆ ಇನ್ನೊಂದು ಸಲ ರಾತ್ರಿ. ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾಗಿರಲಿ, ಬಟ್ಟೆ ಬದಲಾಯಿಸೋ ಮುಂಚೆ ಬ್ಯಾಟರಿ ಚಾರ್ಜ್‌ಗೆ ಹಾಕಿ.