ಮನೆಯ ಧ್ವನಿಮುದ್ರಣಕ್ಕೆ ಹಳೆಯ ಮಿಕ್ಸರ್: ಮಲೆನಾಡಿನಲ್ಲಿ ಕೊಳ್ಳುವವರಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಗಮಕವನ್ನೋ ಸುಗಮ ಸಂಗೀತವನ್ನೋ ತಾಳಮದ್ದಳೆಯನ್ನೋ ತಾವೇ ಧ್ವನಿಮುದ್ರಿಸಿಕೊಳ್ಳಬೇಕೆನ್ನುವವರಿಗೆ ಹಲವು ಮೈಕ್‌ಗಳ ಧ್ವನಿಯನ್ನು ಬೆರೆಸಿಕೊಡುವ ಹಳೆಯ ಅನಲಾಗ್ ಮಿಕ್ಸರ್ ಈಗಲೂ ಕೈಗೆಟಕುವ ಸಾಧನ. ಆದರೆ ನಮ್ಮ ಸೀಮೆಯಲ್ಲಿ ಅದನ್ನು ಆರಿಸುವಾಗ ಕಂಪನಿಯ ಹೆಸರಿಗಿಂತಲೂ ತಯಾರಾದ ವರ್ಷಕ್ಕಿಂತಲೂ ಮೊದಲು ಕೇಳಬೇಕಾದದ್ದು, ಆ ಮಿಕ್ಸರ್ ಈವರೆಗಿನ ಮಳೆಗಾಲಗಳನ್ನು ಎಲ್ಲಿ ಕಳೆದಿದೆ ಎಂಬುದನ್ನು.

ಮೊದಲು ನಿಮಗೆ ಬೇಕಾದ ಮೈಕ್‌ಗಳನ್ನು ಎಣಿಸಿ. ಗಮಕಕ್ಕೆ ವಾಚನಕಾರರಿಗೊಂದು, ವ್ಯಾಖ್ಯಾನಕಾರರಿಗೊಂದು ಎಂದು ಎರಡು ಮೈಕ್ ಸಾಕು. ತಾಳಮದ್ದಳೆಯಾದರೆ ಭಾಗವತರು, ಮದ್ದಳೆ, ಚೆಂಡೆ ಮತ್ತು ಅರ್ಥಧಾರಿಗಳು ಸೇರಿ ಆರೇಳಾಗುತ್ತದೆ. ಮಿಕ್ಸರಿನ ಮೇಲೆ ಬರೆದಿರುವ ಚಾನೆಲ್ ಸಂಖ್ಯೆಯನ್ನು ಮೈಕ್ ಸಂಖ್ಯೆಯೆಂದು ತಿಳಿಯಬಾರದು. 1990ರ ದಶಕದ ಮ್ಯಾಕಿ ಕಂಪನಿಯ 1202ರಲ್ಲಿ, ಮೈಕಿನ ಕ್ಷೀಣ ಧ್ವನಿಯನ್ನು ಹಿಗ್ಗಿಸುವ ಮೈಕ್ ಪ್ರೀಆಂಪ್ ಇರುವುದು ನಾಲ್ಕೇ. ಅದೇ ಕಂಪನಿಯ ಸಿಆರ್-1604ರಲ್ಲಿ ಹದಿನಾರು ಚಾನೆಲ್‌ಗಳಿದ್ದರೂ ಮೈಕ್ ಪ್ರೀಆಂಪ್ ಆರು ಮಾತ್ರ, ಅದರ ನಂತರ ಬಂದ 1604-ವಿಎಲ್‌ಝಡ್‌ನಲ್ಲಿ ಹದಿನಾರೂ ಇವೆ. ಕಂಡೆನ್ಸರ್ ಮೈಕ್ ಬಳಸುವವರು ಕೇಬಲಿನ ಮೂಲಕವೇ ಮೈಕ್‌ಗೆ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಇದೆಯೇ ಎಂದೂ ನೋಡಬೇಕು. ಆಂಪ್ಲಿಫೈಯರ್ ಒಳಗೇ ಇರುವ ಮಿಕ್ಸರ್ ಮೈಕ್‌ಸೆಟ್‌ನವರಿಗೆ ಅನುಕೂಲವೇ ಹೊರತು ಮನೆಯ ಕೋಣೆಗಲ್ಲ; ಅದರ ಫ್ಯಾನಿನ ಸದ್ದೇ ಮೈಕ್‌ಗೆ ಬಂದು ಕೂರುತ್ತದೆ.

ಧ್ವನಿಯನ್ನು ಕಂಪ್ಯೂಟರಿಗೆ ಸೇರಿಸುವ ನಿಮ್ಮ ಆಡಿಯೋ ಇಂಟರ್‌ಫೇಸ್‌ಗೆ ಎರಡೇ ಇನ್‌ಪುಟ್ ಇದ್ದರೆ, ಎಷ್ಟು ಮೈಕ್ ಹಾಕಿದರೂ ಕಂಪ್ಯೂಟರಿಗೆ ತಲುಪುವುದು ಎರಡು ಟ್ರ್ಯಾಕ್ ಮಾತ್ರ, ಮತ್ತು ಮಿಕ್ಸರಿನಲ್ಲಿ ಬೆರೆಸಿದ್ದನ್ನು ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಆಗ ಮಾತು ಹಾಡುಗಳನ್ನು ಪೂರ್ತಿ ಎಡಕ್ಕೂ ಚೆಂಡೆ ಮದ್ದಳೆಗಳನ್ನು ಪೂರ್ತಿ ಬಲಕ್ಕೂ ಪ್ಯಾನ್ ಮಾಡಿ ಕಳುಹಿಸಿದರೆ, ಮೈಕ್‌ಗಳು ಒಂದಿಷ್ಟು ಪರಸ್ಪರ ಕೇಳಿಸಿಕೊಂಡರೂ, ಎರಡರ ಮಟ್ಟವನ್ನು ನಂತರ ಸರಿಹೊಂದಿಸಬಹುದು. ಹೆಚ್ಚು ಇನ್‌ಪುಟ್ ಇರುವವರು, ಒಂದೊಂದು ಚಾನೆಲ್‌ನ ಧ್ವನಿಯನ್ನೂ ಬೇರೆಯಾಗಿಯೇ ಹೊರಗೆ ತೆಗೆಯಲು ಬರುವ ಡೈರೆಕ್ಟ್ ಔಟ್ ಅಥವಾ ಇನ್ಸರ್ಟ್ ಜ್ಯಾಕ್‌ಗಳಿರುವ ಮಿಕ್ಸರನ್ನೇ ಹುಡುಕುವುದು ಒಳ್ಳೆಯದು.

ನೋಡಲು ಹೋಗುವಾಗ ನಿಮ್ಮದೇ ಹೆಡ್‌ಫೋನ್, ಒಂದು ಮೈಕ್ ಮತ್ತು ಕೇಬಲ್ ಜೊತೆಗಿರಲಿ. ಮಾರುವವರ ದೊಡ್ಡ ಸ್ಪೀಕರಿನಲ್ಲಿ ಹಾಡು ಕೇಳಿ ಒಪ್ಪಿಕೊಳ್ಳಬೇಡಿ, ಅಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಮಿಕ್ಸರನ್ನು ಅರ್ಧ ಗಂಟೆ ಚಾಲೂ ಇಡಿಸಿ. ಧ್ವನಿಮಟ್ಟ ಏರಿಳಿಸುವ ಜಾರುಗುಂಡಿಗಳಾದ ಫೇಡರ್‌ಗಳನ್ನೆಲ್ಲ ಕೆಳಗಿಳಿಸಿದ ಮೇಲೂ ಹಮ್ (ಗುಂಯ್‌ಗುಡುವ ಸದ್ದು) ಹಾಗೆಯೇ ಉಳಿದರೆ ಪವರ್ ಸಪ್ಲೈ ಕೆಪಾಸಿಟರ್‌ಗಳು ಒಣಗಿರುವ ಸಂಭವ ಹೆಚ್ಚು. ಬಳಿಕ ಒಂದೊಂದೇ ಚಾನೆಲ್‌ನ ಗೇನನ್ನು (ಮೈಕಿನ ಧ್ವನಿಯನ್ನು ಹಿಗ್ಗಿಸುವ ಗುಂಡಿಯನ್ನು) ಮುಕ್ಕಾಲು ಭಾಗ ಏರಿಸಿ ಹಿಸ್ (ಸುಯ್ಗುಡುವ ಸದ್ದು) ಆಲಿಸಿ. ಉಳಿದವಕ್ಕಿಂತ ಒಂದು ಚಾನೆಲ್ ಬಹಳ ಗದ್ದಲ ಮಾಡಿದರೆ ಅದನ್ನು ಲೆಕ್ಕದಿಂದ ಬಿಟ್ಟೇ ಬೆಲೆ ಮಾತಾಡಿ. ಫೇಡರ್ ಸರಿಸುವಾಗ ಬರುವ ಗರಗರ ಸದ್ದು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿದಾಗ ಕಡಿಮೆಯಾದರೆ ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರಿನಿಂದ ಹೋಗುತ್ತದೆ. ಒಂದೇ ಜಾಗದಲ್ಲಿ ಪ್ರತಿಸಲವೂ ಶಬ್ದ ಕಡಿದುಹೋದರೆ ಫೇಡರ್ ಸವೆದಿದೆ ಎಂದರ್ಥ. ಮೇಲ್ಮೈಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಶಬ್ದ ಹೋಗಿ ಬಂದರೆ ಬೆಸುಗೆಯೋ ಒಳಗಿನ ರಿಬ್ಬನ್ ಕೇಬಲೋ ಸಡಿಲವಾಗಿರುತ್ತದೆ. ಹಳೆಯ ಮ್ಯಾಕಿ 1604ಗಳಲ್ಲಿ ರಿಬ್ಬನ್ ಕೇಬಲ್‌ನ ಈ ತೊಂದರೆ ಹೆಸರಾದದ್ದು. ಕೇಬಲನ್ನು ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ.

ಇನ್ನು ತೇವದ ವಿಚಾರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂತಹ ಹವೆಯಲ್ಲಿ ಅಟ್ಟದ ಮೇಲೆ ಬಿದ್ದಿದ್ದ ಮಿಕ್ಸರ್ ಹೊರಗಿನಿಂದ ಹೊಸತರಂತೆ ಕಂಡರೂ ಒಳಗಿನ ಜ್ಯಾಕ್‌ಗಳಿಗೆ ಕಿಲುಬು ಹಿಡಿದಿರಬಹುದು. ಸ್ಕ್ರೂಗಳ ತಲೆಗೆ ತುಕ್ಕು, ಮೈಕ್ ಕೇಬಲ್ ಸಿಕ್ಕಿಸುವ ಎಕ್ಸ್‌ಎಲ್‌ಆರ್ ಕಿಂಡಿಗಳಲ್ಲಿ ಹಸಿರು ಕಲೆ, ಮುಗ್ಗಲು ವಾಸನೆ ಕಂಡರೆ ಮೇಲ್ಮುಚ್ಚಳ ಬಿಚ್ಚಿಸಿ ನೋಡದೆ ಹಣ ಕೊಡಬೇಡಿ. ವಾರಕ್ಕೊಮ್ಮೆಯಾದರೂ ಬಳಕೆಯಲ್ಲಿದ್ದ, ಗೀಚುಗಳಿರುವ ಮಿಕ್ಸರ್ ಪೆಟ್ಟಿಗೆಯಲ್ಲಿಯೇ ಉಳಿದ ಹೊಳಪಿನ ಮಿಕ್ಸರಿಗಿಂತ ಹಲವು ಸಲ ಮೇಲು.

ವಿದೇಶದಿಂದ ಬಂದದ್ದಾದರೆ ಹಿಂಬದಿಯ ವೋಲ್ಟೇಜ್ ಓದಿ. ಅಮೆರಿಕದ 120 ವೋಲ್ಟಿನದನ್ನೋ ಜಪಾನಿನ 100 ವೋಲ್ಟಿನದನ್ನೋ ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಅಲ್ಲಿಗೆ ಮುಗಿಯಿತು. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರಿನ ವೆಚ್ಚವನ್ನೂ ಸೇರಿಸಿಕೊಳ್ಳಿ. ಕೆಲವು ಸಣ್ಣ ಮಿಕ್ಸರ್‌ಗಳ ಅಡಾಪ್ಟರ್ ಡಿಸಿಯ ಬದಲು ಎಸಿಯನ್ನೇ ಕೊಡುವುದರಿಂದ ಅಂಗಡಿಯ ಸಾಮಾನ್ಯ ಅಡಾಪ್ಟರ್ ಅವಕ್ಕೆ ಹೊಂದದು. ಮೂಲ ಅಡಾಪ್ಟರ್ ಇಲ್ಲವೆಂದರೆ ಬಿಟ್ಟುಬಿಡುವುದೇ ಲೇಸು. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ, ಅಥವಾ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ನಡೆಸಿದರೆ, ಎಷ್ಟೇ ಒಳ್ಳೆಯ ಮಿಕ್ಸರಿನಲ್ಲಿಯೂ ಗುಂಯ್‌ಗುಡುವ ಸದ್ದು ಬರುತ್ತದೆ; ಅದನ್ನು ಮಿಕ್ಸರಿನ ದೋಷವೆಂದು ತಿಳಿಯಬಾರದು.

ಬೆಲೆ ಮಾತಾಡುವ ಮುನ್ನ ರಿಪೇರಿ, ಟ್ರಾನ್ಸ್‌ಫಾರ್ಮರ್, ಕೇಬಲ್‌ಗಳ ಖರ್ಚನ್ನೆಲ್ಲ ಕೂಡಿ. ನಿಮಗೆ ಎರಡೇ ಮೈಕ್ ಬೇಕಾಗಿದ್ದು, ಆ ಮೊತ್ತ ಎರಡು ಮೈಕ್ ಇನ್‌ಪುಟ್‌ಗಳ ಹೊಸ ಇಂಟರ್‌ಫೇಸಿನ ಬೆಲೆಯನ್ನು ಮೀರುವಂತಿದ್ದರೆ ಇಂಟರ್‌ಫೇಸನ್ನೇ ಕೊಳ್ಳಿ. ಮಿಕ್ಸರನ್ನೇ ಕೊಂಡಿರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಗೋಡೆಗೆ ತಾಗಿಸದೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ, ವಾರಕ್ಕೊಮ್ಮೆ ಒಂದು ಗಂಟೆ ಚಾಲೂ ಮಾಡಿ ಎಲ್ಲ ಫೇಡರ್‌ಗಳನ್ನೂ ಆಡಿಸಿ, ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ.