ಪದಬಂಧ ಕಟ್ಟೋದು ಕೊನೆಯ ಮನೆಯಿಂದ

ಪದಬಂಧ ಬಿಡಿಸುವವರು ತುಂಬಾ ಜನ ಇದ್ದಾರೆ, ಕಟ್ಟುವವರು ಕಡಿಮೆ. ನಾನು ಹೈಸ್ಕೂಲಿನಲ್ಲಿ ಕಟ್ಟಲು ಶುರು ಮಾಡಿದೆ, ಈಗ ಕಾಲೇಜಿನಲ್ಲೂ ಬಿಟ್ಟಿಲ್ಲ. ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರ್, ಒಂದು ನಿಘಂಟು. ಇಷ್ಟಿದ್ದರೆ ಸಾಕು.

ಇಂಗ್ಲಿಷ್‌ನಲ್ಲಿ ಒಂದು ಮನೆಗೆ 26 ಅಕ್ಷರಗಳಲ್ಲಿ ಒಂದು ಬರುತ್ತದೆ. ಕನ್ನಡದಲ್ಲಿ ಕಾಗುಣಿತವೂ ಒತ್ತೂ ಸೇರಿ ಒಂದೇ ಮನೆ. 34 ವ್ಯಂಜನಗಳ ಕಾಗುಣಿತ ಲೆಕ್ಕ ಹಾಕಿದರೇ 400 ದಾಟುತ್ತದೆ, ಒತ್ತಕ್ಷರ ಇನ್ನೂ ಬಾಕಿ. ಎರಡು ಪದ ಸೇರುವ ಮನೆಯಲ್ಲಿ 'ಕಿ' ಬೇಕಾದರೆ 'ಕಿ'ಯೇ ಬರಬೇಕು, 'ಕೀ' ನಡೆಯುವುದಿಲ್ಲ. ಅದಕ್ಕೇ ನಾನು ಕಪ್ಪು ಮನೆಗಳನ್ನು ಧಾರಾಳವಾಗಿ ಬಳಸುತ್ತೇನೆ, ಎರಡಕ್ಷರದ ಪದಗಳನ್ನೂ ಬಿಡುವುದಿಲ್ಲ. ನನ್ನದು ಸಾಮಾನ್ಯವಾಗಿ 9×9 ಚೌಕ.

ಕಪ್ಪು ಮನೆಗಳನ್ನು ಸಮತೂಕದಲ್ಲಿ ಇಡುತ್ತೇನೆ. ಮೊದಲ ಸಾಲಿನ ಮೂರನೇ ಮನೆ ಕಪ್ಪಾದರೆ ಒಂಬತ್ತನೇ ಸಾಲಿನ ಏಳನೆಯದೂ ಕಪ್ಪು. ಹಾಳೆಯನ್ನು ತಲೆಕೆಳಗು ಮಾಡಿದರೂ ಚಿತ್ರ ಹಾಗೇ ಕಾಣುತ್ತದೆ. ನೋಡಲು ಚೆನ್ನ, ಆದರೆ ಕಡ್ಡಾಯವೇನಿಲ್ಲ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಪದಬಂಧ ವಜ್ರದಾಕಾರದಲ್ಲಿತ್ತು, ನಡುವೆ ಖಾಲಿ ಜಾಗ. ಒಳ್ಳೆಯ ಪದಗಳು ಕೂತಿದ್ದರೆ ನಾನು ಸಮತೂಕವನ್ನು ಬಿಡುತ್ತೇನೆ, ಪದಗಳನ್ನಲ್ಲ.

ನಿಜವಾದ ಕೆಲಸ ಇರುವುದು ಪದಗಳ ಕೊನೆಯಲ್ಲಿ. ಬಿಸಿಲು, ನವಿಲು, ಬಾಗಿಲು, ಕಡಲು, ಮುಗಿಲು ನೋಡಿ. ಎಲ್ಲವೂ 'ಲು'. ಆ 'ಲು'ವಿನಿಂದ ಕೆಳಕ್ಕೆ ಹೊಸ ಪದ ಶುರು ಮಾಡಬೇಕೆಂದರೆ ಏನಿದೆ? ಲುಕ್ಸಾನು ಇದೆ. ಲುಂಗಿ ಹೊಂದುವುದಿಲ್ಲ, ಅದರ ಮೊದಲ ಮನೆ 'ಲುಂ'. ಅಲ್ಲಿಗೆ ದಾರಿ ಮುಚ್ಚಿತು, ಅಲ್ವಾ? ಅದಕ್ಕೆ ನಾನು ಎರಡು ಪದಗಳ ಕೊನೆಗಳನ್ನೇ ಸೇರಿಸುತ್ತೇನೆ. ಅಡ್ಡಕ್ಕೆ ಬಿಸಿಲು, ಉದ್ದಕ್ಕೆ ಕಡಲು, ಬಲಗಡೆ ಕೆಳಮೂಲೆಯಲ್ಲಿ ಇಬ್ಬರಿಗೂ ಒಂದೇ 'ಲು'. ಆ ಮೂಲೆಯನ್ನು ಮೊದಲು ತುಂಬಿ ಆಮೇಲೆ ಮೇಲಕ್ಕೆ ಹೋಗುತ್ತೇನೆ. ಹೀಗೆ ಮಾಡಿದರೆ ಅಳಿಸುವ ಕೆಲಸ ಎಷ್ಟೋ ಕಡಿಮೆ.

ಒತ್ತಕ್ಷರಕ್ಕೂ ಇದೇ ಯೋಚನೆ. 'ಕನ್ನಡಿ'ಯ 'ನ್ನ'ದಿಂದ ಯಾವ ಪದವೂ ಶುರುವಾಗುವುದಿಲ್ಲ. ಅದಕ್ಕೆ 'ಚಿನ್ನ'ವನ್ನು ಮೇಲಿನಿಂದ ಇಳಿಸಿ. 'ಣ', 'ಳ' ಬಂದರೂ ಹಾಗೇ: ಅವನ್ನು ಇನ್ನೊಂದು ಪದದ ನಡುವೆಯೋ ಕೊನೆಯಲ್ಲೋ ಕೂರಿಸಬೇಕು. ನಗರ, ಕಮಲ, ಸರಳ, ಹವಳದಂಥ ಪದಗಳದ್ದು ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದೇನೆ. ಗುಣಿತವೂ ಇಲ್ಲ, ಒತ್ತೂ ಇಲ್ಲ, ಎಲ್ಲಿ ಬೇಕಾದರೂ ಹೊಂದುತ್ತವೆ. ಸಿಕ್ಕಿಹಾಕಿಕೊಂಡಾಗ ಆ ಪಟ್ಟಿಯೇ ಕಾಪಾಡುತ್ತದೆ.

ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಡುವವರಿಗೆ ಒಂದು ಮಾತು. ಅಕ್ಷರ ಎಣಿಸಲು ಅದನ್ನು ನಂಬಬೇಡಿ. 'ಸ್ತ್ರೀ' ನಮಗೆ ಒಂದೇ ಮನೆ, ಯೂನಿಕೋಡ್‌ನಲ್ಲಿ ಅದು 6 ಸಂಕೇತ. ನಾನು ಪ್ರತಿ ಮನೆಯ ಅಕ್ಷರವನ್ನೂ ಎಕ್ಸೆಲ್‌ನ ಬೇರೆ ಬೇರೆ ಕಾಲಂನಲ್ಲಿ ಬರೆಯುತ್ತೇನೆ. ಮೂರನೇ ಮನೆಯಲ್ಲಿ 'ಡಿ' ಇರುವ ಪದ ಬೇಕೆಂದರೆ ಆ ಕಾಲಂ ಫಿಲ್ಟರ್ ಮಾಡಿದರೆ ಆಯಿತು.

ಸುಳಿವು ಬರೆಯುವುದು ನನಗೆ ತುಂಬಾ ಇಷ್ಟ. ನಿಘಂಟಿನ ಅರ್ಥವನ್ನು ಸುಮ್ನೆ ಇಳಿಸಿದರೆ ಬಿಡಿಸುವವರಿಗೆ ಏನೂ ಸಿಗುವುದಿಲ್ಲ. 'ರಾಜನನ್ನು ಹುಡುಕು (3)' ಅಂದರೆ ಉತ್ತರ ಅರಸು. ಎರಡೂ ಅರ್ಥ ಒಂದೇ ಪದದಲ್ಲಿ ಕೂತಿವೆ. 'ಹೊಸದನ್ನು ತಿರುಗಿಸಿದರೆ ಕಾಡು (2)' ಅಂದರೆ ವನ. 'ಎತ್ತಲಿಂದ ಓದಿದರೂ ಕಣ್ಣೇ (3)' ಅಂದರೆ ನಯನ. ಆದರೆ ಇಂಥವೇ ತುಂಬಿದರೆ ಜನ ಸುಸ್ತಾಗುತ್ತಾರೆ. ಒಂದು ಕಷ್ಟದ ಪದವನ್ನು ಕತ್ತರಿಸಿ ಹೋಗುವ ಪದಗಳಿಗೆ ಸುಲಭದ ಸುಳಿವು ಕೊಡುತ್ತೇನೆ. ಎರಡು ಅಪರೂಪದ ಪದಗಳು ಒಂದೇ ಮನೆಯಲ್ಲಿ ಸೇರುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬಿಡಿಸುವವರಿಗೆ ಊಹೆ ಬಿಟ್ಟು ಬೇರೆ ದಾರಿ ಇರುವುದಿಲ್ಲ, ಅದು ನ್ಯಾಯವಲ್ಲ. ಹೊಸತು, ಹೊಸದು ಥರ ಎರಡು ರೂಪ ಇರುವ ಪದದಲ್ಲಿ, ವ್ಯತ್ಯಾಸವಾಗುವ ಮನೆಯ ಮೇಲೆ ಇನ್ನೊಂದು ಪದ ಹಾದುಹೋಗಲೇಬೇಕು.

ಹಂಚುವ ಮೊದಲು ಅಜ್ಜಿಗೆ ಕೊಡುತ್ತೇನೆ. ಅವರು ಬಿಡಿಸುವಾಗ ಪಕ್ಕದಲ್ಲಿ ಕೂತು ಎಲ್ಲಿ ಪೆನ್ಸಿಲ್ ನಿಲ್ಲುತ್ತದೆ ಅಂತ ನೋಡುತ್ತೇನೆ, ಬಾಯಿ ಬಿಡುವುದಿಲ್ಲ. "ಇದಕ್ಕೆ ಬೇರೆ ಉತ್ತರವೂ ಬರುತ್ತಲ್ಲೋ" ಅಂದರೆ ಆ ಸುಳಿವು ಬದಲಾಗುತ್ತದೆ. ನಂತರ ಗೆಳೆಯರ ವಾಟ್ಸಾಪ್ ಗುಂಪಿಗೆ ಚಿತ್ರ ಹೋಗುತ್ತದೆ, ಪ್ರಿಂಟ್ ಬೇಕಾದವರಿಗೆ ಎ4 ಅಳತೆಯ ಪಿಡಿಎಫ್. ಉತ್ತರವನ್ನು ಒಂದು ವಾರ ಬಿಟ್ಟು ಕಳಿಸುತ್ತೇನೆ. ಜೊತೆಗೆ, ಹೆಚ್ಚು ಜನರನ್ನು ಕಾಡಿದ ಸುಳಿವು ಹೇಗೆ ಬಿಡಿಸಿಕೊಳ್ಳುತ್ತದೆ ಅಂತ ಎರಡು ಸಾಲು ಬರೆಯುತ್ತೇನೆ. ಆ ಎರಡು ಸಾಲು ಓದಿದ ಕೆಲವರು ಈಗ ತಾವೇ ಸುಳಿವು ಬರೆದು ನನಗೆ ಕಳಿಸುತ್ತಿದ್ದಾರೆ, ಮುಂದಿನ ಪದಬಂಧ ಅವರ ಸುಳಿವುಗಳಿಂದಲೇ ಕಟ್ಟುತ್ತಿದ್ದೇನೆ.