ಮೊಟ್ಟೆ ಟ್ರೇಯಲ್ಲಿ ಕಡಲಾಮೆ: ಮಳೆಗಾಲದಲ್ಲಿ ಮಕ್ಕಳ ಜೊತೆ ನಾನು ಮಾಡಿದ್ದು

ಕಾರವಾರದಲ್ಲಿ ಜೂನ್ ಶುರುವಾಯ್ತು ಅಂದ್ರೆ ಮಕ್ಕಳು ಮನೆ ಒಳಗೇ. ನಮ್ಮದು ಕೋಡಿಬಾಗ, ಕಡಲ ಕಡೆಯಿಂದ ಗಾಳಿ ಬೀಸಿ ಮಳೆ ಅಡ್ಡಡ್ಡ ಹೊಡೀತದೆ, ಜಗಲಿ ಅರ್ಧ ಒದ್ದೆ, ಮಳೆ ಜಾಸ್ತಿ ಅಂತ ಶಾಲೆಗೆ ರಜೆ ಮೆಸೇಜ್ ಬಂದ ದಿನವಂತೂ ಬೆಳಿಗ್ಗೆ ಹತ್ತಕ್ಕೇ ಕೇರಿಯ ಆರೇಳು ಮಕ್ಕಳು ನಮ್ಮನೇಲಿ ಇರ್ತಾರೆ. ನನ್ನ ಮಗಳು ಮೂರನೇ ಕ್ಲಾಸು. ಅವಳಿಗೆ ಅಂತ ಶುರು ಮಾಡಿದ ಈ ಮೊಟ್ಟೆ ಕೆಲಸ, ಅಂದ್ರೆ ಖಾಲಿ ಮೊಟ್ಟೆ ಟ್ರೇ, ಮೊಟ್ಟೆ ಚಿಪ್ಪಲ್ಲಿ ಮಕ್ಕಳು ಗೊಂಬೆ, ಚಿತ್ರ ಮಾಡೂದು, ಈಗ ಮೂರು ಮಳೆಗಾಲ ದಾಟಿದೆ, ಎಂತ ಸರಿ ಹೋಯ್ತು ಎಂತ ಕೆಟ್ಟಿತು ಅಂತ ಕೇಳೋರು ಜಾಸ್ತಿ ಆದ್ರು, ಅದಕ್ಕೇ ಒಮ್ಮೆ ಪೂರ್ತಿ ಬರೀತಿದ್ದೇನೆ.

ಮೊಬೈಲಲ್ಲಿ ಬರೋ ವಿಡಿಯೋಗಳಲ್ಲಿ ಎಲ್ಲ ಮುಚ್ಚಳ ಇರೋ 12 ಮೊಟ್ಟೆ ಡಬ್ಬ. ನಮ್ಮ ಕಡೆ ಅದು ಸಿಗೂದು ಕಮ್ಮಿ. ಅಂಗಡಿಗೆ ಬರೂದು 30ರ ಟ್ರೇ, 5 ಸಾಲು, ಸಾಲಿಗೆ 6 ಗುಂಡಿ, ನಾವು ಆರೋ ಹತ್ತೋ ಪೇಪರಲ್ಲಿ ಸುತ್ತಿಸ್ಕೊಂಡು ಕೊಟ್ಟೆಯಲ್ಲಿ ಹಾಕ್ಕೊಂಡು ಬರ್ತೇವೆ, ಖಾಲಿ ಟ್ರೇ ಅಂಗಡಿ ಮೂಲೆಯಲ್ಲೇ ಉಳೀತದೆ. ಕೇಳಿದ್ರೆ ಸುಮ್ಮನೆ ಕೊಡ್ತಾರೆ. ಪ್ಲಾಸ್ಟಿಕ್ಕಿಂದು ಬೇಡ, ರದ್ದಿ ಪೇಪರ್ ಅರೆದು ಮಾಡಿದ ಬೂದು ಬಣ್ಣದ್ದೇ ಬೇಕು. ತರೋವಾಗ ಒಂದೊಂದೂ ತಿರುಗಿಸಿ ನೋಡಿ ತನ್ನಿ, ಮೊಟ್ಟೆ ಒಡೆದು ಅಂಟಿದ್ದು, ಕೋಳಿ ಹಿಕ್ಕೆ ಇರೋದು ಮುಟ್ಲಿಕ್ಕೇ ಹೋಗಬೇಡಿ. ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರೋ ಸಾಧ್ಯತೆ ಉಂಟು, ಟ್ರೇ ತೊಳೀಲಿಕ್ಕೂ ಆಗೂದಿಲ್ಲ, ಪೇಪರ್ ಅಲ್ವಾ. ಕ್ಲೀನ್ ಇದ್ದದ್ದನ್ನೂ ನಾನು ಎರಡು ದಿನ ಬಿಸಿಲಿಗೆ ಇಟ್ಟೇ ಒಳಗೆ ತರೂದು, ಕೆಲಸ ಮುಗಿದ ಮೇಲೆ ಎಲ್ಲರೂ ಸೋಪ್ ಹಾಕಿ ಕೈ ತೊಳೀಲೇಬೇಕು.

ಮೊದಲ ವರ್ಷ ಈ ಬಿಸಿಲಿನ ವಿಷಯದಲ್ಲೇ ತಪ್ಪಾಯ್ತು. ಜೂನ್ ಬಂದ ಮೇಲೆ ಟ್ರೇ ಸೇರಿಸಿ ಮೆಟ್ಟಿಲ ಕೆಳಗೆ ಒಟ್ಟಿಟ್ಟೆ, ಇಪ್ಪತ್ತು ಟ್ರೇ ಇತ್ತು. ಜುಲೈಯಲ್ಲಿ ತೆಗೆದ್ರೆ ಮೆತ್ತಗಾಗಿ ಬಾಗಿ ಹೋಗಿದೆ, ಮೇಲೆ ಕಪ್ಪು ಬೂಷ್ಟು, ಕೆಳಗೆ ಇರುವೆ ಸಾಲು. ಎಲ್ಲ ತೆಂಗಿನ ಬುಡಕ್ಕೆ ಹೋಯ್ತು. ಈಗ ಮೇ ತಿಂಗಳಲ್ಲೇ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅಡಿಗೆಮನೆ ಅಟ್ಟದ ಮೇಲೆ ಇಡ್ತೇನೆ. ನಮ್ಮ ಕರಾವಳಿ ಹವೆಗೆ ಇದೊಂದು ನೆನಪಿಟ್ಟುಕೊಂಡ್ರೆ ಅರ್ಧ ಕೆಲಸ ಆದ ಹಾಗೆ.

ಶುರುವಿಗೆ ನಾನು ವಿಡಿಯೋ ನೋಡಿ ಒಂದು ಮೊಲ ಮಾಡಿ ಮಧ್ಯೆ ಇಟ್ಟೆ, ಇದನ್ನ ಮಾಡಿ ಅಂದೆ. ಮಾಡಿದ್ರು. ಏಳು ಮಕ್ಕಳು ಏಳು ಮೊಲ, ಎಲ್ಲ ಒಂದೇ ಥರ, ಕಿವಿ ಸೊಟ್ಟ ಆದವರು ಅಳು ಮುಖ. ಮಾರನೇ ದಿನ ಮೀನುಗಾರರ ಮನೆಯ ಹುಡುಗ ಒಬ್ಬ, ಆರು ವರ್ಷ ಇರಬೇಕು, ಕತ್ತರಿಸಿ ಬಿದ್ದಿದ್ದ ಒಂದು ಗುಂಡಿಯನ್ನ ಬೋರಲು ಹಾಕಿ ನೆಲದ ಮೇಲೆ ಮೆಲ್ಲಗೆ ದೂಡ್ತಾ ಇದ್ದ. "ಆಂಟಿ, ಇದು ಕಾಸವ್ ಅಲ್ವಾ?" ಅಂದ. ಕೊಂಕಣಿಯಲ್ಲಿ ಕಾಸವ್ ಅಂದ್ರೆ ಆಮೆ. ಹೌದಲ್ಲ ಅನ್ನಿಸ್ತು, ಬೋರಲು ಹಾಕಿದ ಗುಂಡಿ ಆಮೆ ಬೆನ್ನೇ. ಅವತ್ತಿಂದ ನಾನು ಮಾಡಿದ ಮಾದರಿ ಮುಂದೆ ಇಡೂದು ಬಿಟ್ಟೆ. ಮೊದಲು ಟ್ರೇ ಕೈಗೆ ಕೊಡ್ತೇನೆ, ತಿರುಗಿಸಿ, ಬೋರಲು ಹಾಕಿ, ಅಡ್ಡ ಹಿಡಿದು ನೋಡಿ ಅಂತೇನೆ, ಎಂತ ಕಾಣ್ತದೆ ಅಂತ ಅವರೇ ಹೇಳಬೇಕು. ಗುಂಡಿಗಳ ಮಧ್ಯೆ ಚೂಪಾಗಿ ಎದ್ದು ನಿಂತಿರ್ತದಲ್ಲ ಕೊಂಬಿನ ಥರ, ಅದು ಒಬ್ಬಳಿಗೆ ದೇವಗಡ ದ್ವೀಪದ ದೀಪಸ್ತಂಭ, ಇನ್ನೊಬ್ಬನಿಗೆ ಯಕ್ಷಗಾನದ ಕಿರೀಟ. ಎರಡು ಗುಂಡಿ ಬಾಯಿಗೆ ಬಾಯಿ ಸೇರಿಸಿದ್ರೆ ಚಿಪ್ಪಿಕಲ್ಲು. ಒಂದು ಸಾಲು ಪೂರ್ತಿ ಕತ್ತರಿಸಿದ್ರೆ ದೋಣಿ. ನನ್ನ ತಲೆಗೆ ಇದ್ಯಾವುದೂ ಹೊಳೆದಿರಲಿಲ್ಲ.

ಕತ್ತರಿಸೂದು ಮಕ್ಕಳಿಗೆ ಕಷ್ಟ. ಮೊಂಡು ಕತ್ತರಿ ಈ ದಪ್ಪ ಪೇಪರಿಗೆ ಹಿಡಿಯೂದಿಲ್ಲ, ಚೂಪು ಕತ್ತರಿ ಕೊಡ್ಲಿಕ್ಕೆ ನನಗೆ ಧೈರ್ಯ ಇಲ್ಲ. ತುಂಬ ಸಲ ಮಾಡಿ ಕಂಡುಕೊಂಡದ್ದು ಇದು: ಎಲ್ಲಿ ಬೇರೆ ಆಗಬೇಕೋ ಅಲ್ಲಿ ಬೆರಳು ನೀರಿಗೆ ಅದ್ದಿ ಒಂದು ಗೆರೆ ಎಳೀಬೇಕು, ಎರಡು ಮೂರು ಸಲ, ಒಂದು ನಿಮಿಷ ಬಿಡಬೇಕು. ಆಮೇಲೆ ಆ ಗೆರೆ ಹಿಡಿದು ಹರಿದ್ರೆ ನೆನೆದ ರೊಟ್ಟಿ ಬಿಟ್ಟ ಹಾಗೆ ಮೆತ್ತಗೆ ಬಿಟ್ಕೊಳ್ತದೆ. ಅಂಚು ಜುಂಜು ಜುಂಜಾಗಿ ಬರ್ತದೆ, ಅದು ಚಂದವೇ, ಒದ್ದೆ ಇದ್ದಾಗಲೇ ಬೆರಳಲ್ಲಿ ಒತ್ತಿದ್ರೆ ಬೇಕಾದ ಆಕಾರಕ್ಕೂ ಕೂರ್ತದೆ. ನಾಲ್ಕು ವರ್ಷದ ಮಗುವೂ ಮಾಡ್ತದೆ.

ಬಣ್ಣ ಸೀದಾ ಬಳೀಬೇಡಿ. ಈ ಪೇಪರ್ ನೀರು ಬಣ್ಣವನ್ನ ಪೂರ್ತಿ ಕುಡೀತದೆ, ಹಸಿರು ಹಚ್ಚಿದ್ರೆ ಕೆಸರು ಬಣ್ಣ ಆಗ್ತದೆ. ಮೊದಲು ಬಿಳಿ ಪೋಸ್ಟರ್ ಕಲರಿಗೆ ಒಂದು ಚಮಚ ಫೆವಿಕಾಲ್ ಕಲಸಿ ಒಂದು ಕೋಟ್ ಕೊಡೂದು, ಒಣಗಿದ ಮೇಲೆ ಬೇಕಾದ ಬಣ್ಣ. ಒಣಗೂದೇ ಮಳೆಗಾಲದ ದೊಡ್ಡ ತಲೆನೋವು. ನಾವು ಬಚ್ಚಲೊಲೆ ಕಟ್ಟೆ ಮೇಲೆ ಇಡ್ತೇವೆ, ಬೆಂಕಿಯಿಂದ ಒಂದು ಮೊಳ ದೂರ, ರಾತ್ರಿ ಇಟ್ಟರೆ ಬೆಳಿಗ್ಗೆ ಗರಿ ಗರಿ. ಒಲೆ ಇಲ್ಲದವರು ಫ್ಯಾನ್ ಕೆಳಗೆ ಇಟ್ಟು ಎರಡು ದಿನ ಕಾಯಬೇಕು. ಮೈದಾ ಅಂಟು ಮಾತ್ರ ಮಳೆಗಾಲದಲ್ಲಿ ಬೇಡವೇ ಬೇಡ, ಜಿರಳೆ ಬರ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಮೊಟ್ಟೆ ಒಳಗೆ ತರದ ಮನೆಗಳೂ ನಮ್ಮ ಕೇರಿಯಲ್ಲಿ ಉಂಟು. ಶಿರಸಿ ಕಡೆಯಿಂದ ಬಂದು ಬಾಡಿಗೆಗೆ ಇರೋ ಮನೆಯ ಹುಡುಗಿ ದಿನಾ ಬಾಗಿಲಲ್ಲಿ ನಿಂತು ನೋಡ್ತಿದ್ಲು. ಅವಳ ಅಮ್ಮನ ಹತ್ರ ನಾನೇ ಹೋಗಿ ಕೇಳಿದೆ, "ಅಕ್ಕಾ, ಅವಳಿಗೆ ಮೊಟ್ಟೆದು ಯಾವುದೂ ಕೊಡೂದಿಲ್ಲ, ತೆಂಗಿನ ಕರಟದಲ್ಲಿ ಮಾಡಿಸ್ಲಾ?" ಅಂತ. ಅವರು ಒಪ್ಪಿದ್ದಷ್ಟೇ ಅಲ್ಲ, ಊರಿಂದ ಅಡಿಕೆ ಹಾಳೆ ಒಂದು ಕಟ್ಟು ತರಿಸಿ ಕಳ್ಸಿದ್ರು. ಅವಳ ಆಮೆಗೆ ಕರಟ ಬೆನ್ನು, ಹಾಳೆ ಕಾಲು. ಹಾಳೆಯ ಆ ಕಾಲು ಎಷ್ಟು ಗಟ್ಟಿ, ಎಷ್ಟು ಚಂದ ಬಾಗಿ ನಿಂತಿತು ಅಂದ್ರೆ ಉಳಿದವರೆಲ್ಲ ರಟ್ಟಿನ ಕಾಲು ಕಿತ್ತು ಹಾಳೆಯದೇ ಹಾಕಿದ್ರು. ಈಗ ನಮ್ಮನೆ ಆಮೆಗಳಿಗೆಲ್ಲ ಹಾಳೆ ಕಾಲೇ. ಅವಳಿಗೆ ಕತ್ತರಿ, ಬ್ರಷ್, ಚಾಪೆ ಎಲ್ಲ ಬೇರೆ ಇಟ್ಟಿದ್ದೇನೆ, ಅವಳೂ ಅದೇ ಸುತ್ತಿನಲ್ಲಿ ಕೂರ್ತಾಳೆ.

ಇನ್ನು ಮೊಟ್ಟೆ ಚಿಪ್ಪು. ಇಡೀ ಚಿಪ್ಪು ಬೇಕಾದ್ರೆ ಬಾಯಲ್ಲಿ ಊದೂದು ಬೇಡ, ಹಸಿ ಮೊಟ್ಟೆ. ಸೂಜಿ ಇಲ್ಲದ ಹೊಸ ಸಿರಿಂಜ್ ಮೆಡಿಕಲ್ ಶಾಪಲ್ಲಿ ಸಿಗ್ತದೆ. ಮೊಟ್ಟೆ ತೊಳೆದು, ದಪ್ಪ ತುದಿಗೆ ದಬ್ಬಣದಲ್ಲಿ ತೂತು ಮಾಡಿ, ಕಡ್ಡಿ ತೂರಿಸಿ ಹಳದಿ ಒಡೆದು, ತೂತು ಕೆಳಗೆ ಮಾಡಿ ಸಿರಿಂಜಿಂದ ಗಾಳಿ ಒತ್ತಿದ್ರೆ ಒಳಗಿದ್ದದ್ದು ತಾನಾಗಿ ಬಟ್ಟಲಿಗೆ ಇಳೀತದೆ. ಅದು ಆಮ್ಲೆಟ್ಟಿಗೆ. ಈ ಕೆಲಸ ದೊಡ್ಡವರದ್ದು. ಚಿಪ್ಪಿನ ಒಳಗೆ ಸೋಪು ನೀರು ಆಡಿಸಿ ಒಣಗಿಸಿ ಮಕ್ಕಳಿಗೆ ಕೊಟ್ಟರೆ ಅವರು ಅದಕ್ಕೆ ಮುಖ ಬರೀತಾರೆ, ಮೇಲೆ ಟ್ರೇಯ ಕೊಂಬಿನ ಕಿರೀಟ, ಬಡಗುತಿಟ್ಟಿನ ಯಕ್ಷಗಾನದ ಆಟ ರಾತ್ರಿ ಕೂತು ನೋಡಿದ ಮಕ್ಕಳಿಗೆ ಹುಬ್ಬು ಹೇಗೆ ಏರಬೇಕು, ಮೀಸೆ ಎಲ್ಲಿ ತಿರುಗಬೇಕು ಅಂತ ಯಾರೂ ಹೇಳಿ ಕೊಡಬೇಕಾಗಿಲ್ಲ. ಅರ್ಧ ಒಡೆದ ಚಿಪ್ಪಿದ್ರೆ ಅಡಿಗೆ ಒಂದು ತೂತು ಮಾಡಿ ಮಣ್ಣು ತುಂಬಿ ಮೆಂತೆ ಹಾಕಿ, ಒಂದು ವಾರದಲ್ಲಿ ತಲೆ ತುಂಬ ಕೂದಲು.

ಚೂರು ಚಿಪ್ಪಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಚಿಪ್ಪನ್ನ ಹತ್ತು ನಿಮಿಷ ಕುದಿಸಿ, ಒಳಗಿನ ತೆಳು ಪೊರೆ ತೆಗೀಬೇಕು, ಬಿಟ್ಟರೆ ವಾಸನೆ. ಆಮೇಲೆ ಬಣ್ಣದ ನೀರಲ್ಲಿ ಒಂದು ರಾತ್ರಿ. ಈರುಳ್ಳಿ ಸಿಪ್ಪೆ ಎರಡು ಮುಷ್ಟಿ ಕುದಿಸಿದ್ರೆ ತುಕ್ಕು ಕೆಂಪು, ಅರಿಶಿನಕ್ಕೆ ಹಳದಿ. ರಟ್ಟಿನ ಮೇಲೆ ಬಂಗಡೆಯೋ ಪಾಂಪ್ಲೆಟೋ ಒಂದು ಮೀನು ಬರೆದು, ಫೆವಿಕಾಲ್ ಹಚ್ಚಿ, ಚಿಪ್ಪಿನ ದೊಡ್ಡ ಚೂರು ಒಂದನ್ನ ಉಬ್ಬು ಮೇಲೆ ಬರೋ ಹಾಗೆ ಇಟ್ಟು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕು. ಚಟ್ ಚಟ್ ಅಂತ ಸಣ್ಣ ಸಪ್ಪಳ, ಚಿಪ್ಪು ತಾನೇ ಬಿರಿದು ಹತ್ತು ಹದಿನೈದು ಚೂರಾಗಿ ಹರಡ್ತದೆ, ಮಧ್ಯೆ ಕೂದಲೆಳೆಯಷ್ಟು ಸಂದು, ಮೀನಿನ ಪೊರೆಯ ಹಾಗೇ. ಒಂದೊಂದು ಚೂರು ಹೆಕ್ಕಿ ಅಂಟಿಸೋ ಕಷ್ಟ ಇಲ್ಲ. ಆ ಸಪ್ಪಳಕ್ಕೇ ಮಕ್ಕಳು ಮತ್ತೆ ಮತ್ತೆ ಕೇಳ್ತಾರೆ.

ಒಮ್ಮೆ ಹೀಗೆ ಮಾಡಿದ ಹಳದಿ ಮೀನಿನ ಮೇಲೆ ಮಗಳು ಸೋಪು ಕೈ ಇಟ್ಟಳು, ಬೆರಳಚ್ಚು ಕೆಂಪಾಯ್ತು. ಹಾಳಾಯ್ತು ಅಂತ ಅಳು. ನಮ್ಮತ್ತೆ ಒಳಗಿಂದ ಬಂದು ನೋಡಿ, "ಅರಿಶಿನಕ್ಕೆ ಸುಣ್ಣ ಬಿದ್ರೆ ಓಕುಳಿ ಆಗೂದಿಲ್ವನೇ, ಸೋಪೂ ಹಂಗೇ" ಅಂದ್ರು. ಆಮೇಲೆ ಎಲ್ಲರೂ ಸೋಪು ನೀರಿಗೆ ಬ್ರಷ್ ಅದ್ದಿ ಹಳದಿ ಮೀನಿನ ಮೇಲೆ ಕೆಂಪು ಗೆರೆ ಎಳೆದದ್ದೇ ಎಳೆದದ್ದು.

ಮುರುಗಲು, ಅಂದ್ರೆ ಪುನರ್ಪುಳಿ ಸಿಪ್ಪೆ ನೆನೆಸಿದ ಹುಳಿ ನೀರಲ್ಲಿ ಒಳ್ಳೆ ಕೆಂಪು ಬರಬಹುದು ಅಂತ ಮಾಡಿದ್ವಿ, ಕೆಂಪು ನಿಲ್ಲಲಿಲ್ಲ, ಮಂಕಾಯ್ತು, ಆದ್ರೆ ಚಿಪ್ಪಿನ ಮೈತುಂಬ ಸಣ್ಣ ಸಣ್ಣ ಗುಳ್ಳೆ ಎದ್ದಿತು. ಯಾಕೆ ಅಂತ ಕೇಳಿದ್ರು. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದ್ರೆ ಕರಗಿ ಕಾರ್ಬನ್ ಡೈಆಕ್ಸೈಡ್ ಬಿಡ್ತದೆ. ಹೇಳೂದಕ್ಕಿಂತ ತೋರಿಸುವಾ ಅಂತ ಒಂದು ಇಡೀ ಹಸಿ ಮೊಟ್ಟೆಯನ್ನ ವಿನೆಗರಿನ ಗ್ಲಾಸಲ್ಲಿ ಇಟ್ಟೆ, ಮಾರನೇ ದಿನ ವಿನೆಗರ್ ಬದಲಿಸಿದೆ. ಎರಡು ದಿನಕ್ಕೆ ಚಿಪ್ಪು ಪೂರ್ತಿ ಹೋಗಿ ಪೊರೆ ಮಾತ್ರ ಉಳೀತು, ಮೊಟ್ಟೆ ನೀರು ಹೀರಿ ಮೊದಲಿಗಿಂತ ದೊಡ್ಡದಾಗಿದೆ, ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದ್ರೆ ಒಳಗೆ ಹಳದಿ ತೇಲೂದು ಕಾಣ್ತದೆ. ಪ್ರತಿಯೊಬ್ಬರೂ ಅಂಗೈ ಮೇಲೆ ಇಟ್ಟು ಒತ್ತಿ ನೋಡಿದ್ರು. ಕಾಸವ್ ಹುಡುಗ ಅದನ್ನ ತುಂಬ ಹೊತ್ತು ಹಿಡ್ಕೊಂಡಿದ್ದು, "ಆಂಟಿ, ಆಮೆ ಮೊಟ್ಟೆ ಹೀಂಗೇ ಇರ್ತದೆ, ಅಜ್ಜ ಹೇಳಿದ್ರು, ಮೆತ್ತಗೆ, ಬಿದ್ರೂ ಒಡೆಯೂದಿಲ್ಲ" ಅಂದ.

ನಮ್ಮ ಉತ್ತರ ಕನ್ನಡದ ಮರಳಿಗೆ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಬರ್ತದೆ, ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ಕಾಯ್ತಾರೆ. ಮೊಟ್ಟೆ ಪಿಂಗ್‌ಪಾಂಗ್ ಚೆಂಡಿನಷ್ಟು, ಗುಂಡಗೆ, ತೊಗಲಿನ ಹಾಗೆ ಮೆತ್ತಗಿನ ಚಿಪ್ಪು, ಒಂದು ಗೂಡಿಗೆ ಸುಮಾರು 100, ಮರಿ ಹೊರಗೆ ಬರ್ಲಿಕ್ಕೆ 45ರಿಂದ 60 ದಿನ. ಮರಳು ಬಿಸಿ ಇದ್ರೆ ಹೆಣ್ಣು ಮರಿ ಜಾಸ್ತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲನೇ ಶೆಡ್ಯೂಲಿನ ಪ್ರಾಣಿ, ಮೊಟ್ಟೆ ಮುಟ್ಟುವ ಹಾಗಿಲ್ಲ. ಇದನ್ನೆಲ್ಲ ಹೇಳಿದೆ. ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ, 100 ಮೊಟ್ಟೆ ಇಡ್ಲಿಕ್ಕೆ ಎಷ್ಟು ಟ್ರೇ ಬೇಕು?

ಮೂರು ಟ್ರೇಗೆ 90, ಇನ್ನೂ ಹತ್ತು ಉಳೀತದೆ ಅಂತ ಶಿರಸಿ ಹುಡುಗಿ ಬೆರಳು ಮಡಚಿ ಹೇಳಿದ್ಲು. ಜೇಡಿಮಣ್ಣು ತಂದು ಉಂಡೆ ಕಟ್ಟಲು ಕೂತ್ರು, ಅವಳಿಗೂ ಮಣ್ಣಿನ ಕೆಲಸ ಆದ್ದರಿಂದ ಅಡ್ಡಿ ಇರಲಿಲ್ಲ, ಎಲ್ಲರಿಗಿಂತ ಗುಂಡಗೆ ಕಟ್ಟಿದವಳೂ ಅವಳೇ. ಮೂರು ಮಧ್ಯಾಹ್ನ ಹಿಡೀತು. ನಾಲ್ಕು ಟ್ರೇ ಸಾಲಾಗಿ ಇಟ್ಟು ಒಂದೊಂದಾಗಿ ಎಣಿಸಿ ತುಂಬಿದ್ರು, ಸುತ್ತ ಹಳೇ ಮೀನು ಬಲೆ ತುಂಡು ಕಟ್ಟಿ ಬೇಲಿ, ಬೇಲಿ ಆಚೆ ಕಡಲ ಕಡೆ ಮುಖ ಮಾಡಿ ಹಾಳೆ ಕಾಲಿನ ಆಮೆಗಳು. ನಾಲ್ಕನೇ ಟ್ರೇಯಲ್ಲಿ 20 ಗುಂಡಿ ಖಾಲಿ ಉಳೀತು. ಈಗ ಅದರಲ್ಲೇ ಬಣ್ಣದ ಮುಚ್ಚಳಗಳನ್ನ ಕೂರಿಸ್ಕೊಂಡು ಬಣ್ಣ ಕಲಸ್ತಾರೆ.